ಲಾಭ ಹೊಸೂರಿಗೆ, ಸತ್ತ ಬ್ಯಾಟರಿ ಹಾನಗಲ್ಲಿಗೆ!

ಕನ್ನಡಿಗರೇ,

ಒಮ್ಮೆ ನಿಮ್ಮ ಮನೆಯ ಹಿತ್ತಲಿಗೆ ಹೋಗಿ ನೋಡಿ. ಕಟ್ಟಿಗೆ ರಾಶಿಯ ಪಕ್ಕದಲ್ಲೋ ದನದ ಕೊಟ್ಟಿಗೆಯ ಮೂಲೆಯಲ್ಲೋ ಒಂದು ಸತ್ತ ಬ್ಯಾಟರಿ ಬಿದ್ದಿರಬಹುದು. ಹತ್ತಿಗೆ ಔಷಧ ಹೊಡೆಯುವ ಪಂಪಿನದ್ದೋ, ಟ್ರ್ಯಾಕ್ಟರಿನದ್ದೋ, ಮನೆಯ ಯುಪಿಎಸ್‌ನದ್ದೋ, ಇಲ್ಲವೇ ಈಗ ಹೊಸದಾಗಿ ಊರಿಗೆ ಬಂದಿರುವ ಕರೆಂಟ್ ಸ್ಕೂಟರಿನದ್ದೋ ಇರಬಹುದು. ಅದನ್ನು ಏನು ಮಾಡಬೇಕೆಂದು ನಿಮಗೆ ಯಾರಾದರೂ ಹೇಳಿದ್ದಾರೆಯೇ? ಹೇಳಿದ್ದರೆ, ನಿಮಗೆ ತಿಳಿಯುವ ಭಾಷೆಯಲ್ಲಿ ಹೇಳಿದ್ದಾರೆಯೇ?

ಮಾರುವಾಗ ಮಾತ್ರ ಎಲ್ಲರಿಗೂ ಕನ್ನಡ ಬರುತ್ತದೆ. "ಪೆಟ್ರೋಲ್ ಬೇಡ, ಖರ್ಚಿಲ್ಲ, ಹೊಗೆಯಿಲ್ಲ" ಎಂದು ಧ್ವನಿವರ್ಧಕ ಕಟ್ಟಿಕೊಂಡು ಕೂಗುತ್ತಾರೆ. ವಾಹನ ಮನೆಗೆ ಬಂದ ಮೇಲೆ ಕೈಗೆ ಕೊಡುವ ಪುಸ್ತಕ ಮಾತ್ರ ಇಂಗ್ಲಿಷಿನದು!

ನಮ್ಮ ಮನೆಯ ಕಥೆಯನ್ನೇ ಕೇಳಿ. ಶಿಗ್ಗಾವಿ ತಾಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ಸೋದರಳಿಯ ಇಂಥದ್ದೊಂದು ಸ್ಕೂಟರ್ ಕೊಂಡ. ಗಂಟೆಗೆ 25 ಕಿಲೋಮೀಟರಿಗಿಂತ ಹೆಚ್ಚು ಓಡದ, 250 ವ್ಯಾಟ್ ಮೀರದ ಗಾಡಿ. ಅಂಥದ್ದಕ್ಕೆ ನೋಂದಣಿ ಬೇಡ, ಲೈಸೆನ್ಸೂ ಬೇಡ. ಎರಡು ವರ್ಷ ಕಳೆಯುವುದರೊಳಗೆ ಅದರ ನಾಲ್ಕೂ ಸೀಸದ ಬ್ಯಾಟರಿ ಸತ್ತವು. ಕೊಂಡ ಅಂಗಡಿಗೆ ಹೋದರೆ ಶಟರ್ ಎಳೆದಿತ್ತು, ಬೋರ್ಡೂ ಇರಲಿಲ್ಲ. ಪುಸ್ತಕ ತೆಗೆದು ನೋಡಿದರೆ ಒಂದು ಕಡೆ ಇಂಗ್ಲಿಷು, ಇನ್ನೊಂದು ಕಡೆ ಚೀನೀ ಅಕ್ಷರ. ಕೊನೆಗೆ ಗುಜರಿಯವನು ಬಂದು ತಕ್ಕಡಿಗೆ ಹಾಕಿ, ತೂಕಕ್ಕೆ ದುಡ್ಡು ಕೊಟ್ಟು ಒಯ್ದ. ಎಲ್ಲಿಗೆ ಒಯ್ದ? ಸೋದರಳಿಯನಿಗೆ ಗೊತ್ತಿಲ್ಲ. ಯಾವ ಸರ್ಕಾರಿ ಪುಸ್ತಕದಲ್ಲೂ ಅದರ ಲೆಕ್ಕವಿಲ್ಲ. ಕೆಎ-27 ಎಂಬ ಫಲಕವೇ ಇಲ್ಲದ ಗಾಡಿ ಹಾವೇರಿಯ ಸಾರಿಗೆ ಕಚೇರಿಯ ಕಣ್ಣಿಗೆ ಹುಟ್ಟಿಯೂ ಇಲ್ಲ, ಸತ್ತೂ ಇಲ್ಲ!

ಗುಜರಿ ಅಂಗಡಿಯ ಹಿಂದೆ

ಗುಜರಿಯವನನ್ನು ಬಯ್ಯುವುದು ಸುಲಭ. ಅವನೂ ನಮ್ಮಂಥ ಬಡವನೇ. ಆದರೆ ಅವನ ಕೈ ದಾಟಿದ ಮೇಲೆ ಆ ಬ್ಯಾಟರಿಯ ಗತಿ ಏನು ಎಂಬುದನ್ನು ತಿಳಿದುಕೊಳ್ಳಿ. ಪರವಾನಗಿ ಇರುವ ಕಾರ್ಖಾನೆಗೆ ಹೋದರೆ ಅದರ ಸೀಸ ಬಹುಪಾಲು ಮತ್ತೆ ಹೊಸ ಬ್ಯಾಟರಿಯಾಗುತ್ತದೆ. ಕಳ್ಳ ಭಟ್ಟಿಗೆ ಹೋದರೆ ಕೊಡಲಿಯಿಂದ ಒಡೆಯುತ್ತಾರೆ, ಆ್ಯಸಿಡ್ ನೆಲಕ್ಕೆ ಸುರಿಯುತ್ತಾರೆ, ತಗಡುಗಳನ್ನು ಕಬ್ಬಿಣದ ಬಾಣಲೆಯಲ್ಲಿ ಹಾಕಿ ಬಯಲಲ್ಲೇ ಕರಗಿಸುತ್ತಾರೆ. ಎಷ್ಟೋ ಸಲ ಆ್ಯಸಿಡ್ ಚೆಲ್ಲುವ ಕೆಲಸವನ್ನು ನಾವೇ ಮಾಡಿಕೊಡುತ್ತೇವೆ. "ನೀರಿನ ತೂಕಕ್ಕೆ ರೊಕ್ಕ ಇಲ್ಲ, ಚೆಲ್ಲಿ ತಾ" ಎಂದು ಅವನು ಹೇಳಿದರೆ ಟ್ರ್ಯಾಕ್ಟರಿನ ಬ್ಯಾಟರಿಯನ್ನು ಚರಂಡಿಗೆ ಬೋರಲು ಹಾಕುತ್ತೇವೆ. ಆ ಆ್ಯಸಿಡ್ಡಿನಲ್ಲಿ ಸೀಸವೂ ಇದೆ. ಚರಂಡಿಯ ದಾರಿ ಹಳ್ಳಕ್ಕೆ, ಹಳ್ಳದ ದಾರಿ ವರದೆಗೆ!

ಸೀಸ ಕಣ್ಣಿಗೆ ಕಾಣುವ ವಿಷವಲ್ಲ. ಹೊಗೆಯಾಗಿ ಹೋಗಿ ಧೂಳಾಗಿ ಕೂರುತ್ತದೆ. ಮಗು ಮಣ್ಣಲ್ಲಿ ಆಡಿ ಬೆರಳು ಬಾಯಿಗಿಟ್ಟರೆ ಸಾಕು. ನುಂಗಿದ ಸೀಸವನ್ನು ದೊಡ್ಡವರ ದೇಹ ಹೀರುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಎಳೆಯ ಮಕ್ಕಳ ದೇಹ ಹೀರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಅಳತೆಯೇ ಸೀಸಕ್ಕಿಲ್ಲ. ಅದು ಮಗುವಿನ ಮಿದುಳನ್ನು ಹಿಡಿಯುತ್ತದೆ. ಶಾಲೆಯಲ್ಲಿ "ದಡ್ಡ" ಎಂದು ಬಯ್ಯಿಸಿಕೊಳ್ಳುವ ಹುಡುಗನ ರಕ್ತ ಪರೀಕ್ಷೆ ಮಾಡಿದವರು ಯಾರು? ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಇರಬಾರದಷ್ಟು ಸೀಸವಿದೆ ಎಂದು ಯುನಿಸೆಫ್ 2020ರಲ್ಲಿ ಅಂದಾಜು ಮಾಡಿತು. ಜಗತ್ತಿನ ಬಡ ದೇಶಗಳಲ್ಲಿ ಇದಕ್ಕೆ ದೊಡ್ಡ ಕಾರಣಗಳಲ್ಲೊಂದು ಬ್ಯಾಟರಿ ಕರಗಿಸುವ ಕಳ್ಳ ಭಟ್ಟಿ ಎಂದೂ ಹೇಳಿತು.

ಇದನ್ನು ಮೊದಲು ಕಂಡವರು ಹೊರಗಿನವರಷ್ಟೇ ಅಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಬಗ್ಗೆ ಈ ದೇಶವನ್ನು ಎಚ್ಚರಿಸಲು ವರ್ಷಗಟ್ಟಲೆ ದುಡಿದರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೊರಗೆ ಹೋಯಿತು. ಪೆಟ್ರೋಲಿನಿಂದ ಹೊರಗೆ ಹಾಕಿದ ಅದೇ ಸೀಸ ಪೆಟ್ರೋಲ್ ಬೇಡದ ಗಾಡಿಯ ಹೊಟ್ಟೆಯಲ್ಲಿ ಕೂತು ಹಳ್ಳಿಗೆ ಬಂದರೆ ನಾವು ಸುಮ್ಮನಿರಬೇಕೇ? ಸವಣೂರಿನ ದೊಡ್ಡಹುಣಸೆ ಮರಗಳು ನೂರಾರು ವರ್ಷ ನಿಂತಿವೆ. ಮಣ್ಣಿಗೆ ಬಿದ್ದ ಸೀಸವೂ ಹಾಗೆಯೇ. ಕೊಳೆಯುವುದಿಲ್ಲ, ಕರಗಿ ಹೋಗುವುದೂ ಇಲ್ಲ.

ಯಾರಿಗೂ ಬೇಡದ ಹೆಣ

"ಈಗಿನ ಗಾಡಿಯಲ್ಲಿ ಸೀಸವಿಲ್ಲ, ಲಿಥಿಯಂ ಇದೆ" ಎನ್ನುವಿರಿ. ನಿಜ. ನೋಂದಣಿಯಾಗಿ ಬರುವ ಗಾಡಿಗಳೆಲ್ಲ ಬಹುತೇಕ ಲಿಥಿಯಂನವೇ. ಆದರೆ ಅಲ್ಲಿನ ಆಟವೇ ಬೇರೆ. ಸೀಸಕ್ಕೆ ಗುಜರಿಯವನು ದುಡ್ಡು ಕೊಡುತ್ತಾನೆ. ಲಿಥಿಯಂ ಬ್ಯಾಟರಿಯಲ್ಲಿ ಎರಡು ಜಾತಿ. ನಿಕ್ಕಲ್, ಕೋಬಾಲ್ಟ್ ಇರುವುದಕ್ಕೆ ಬೆಲೆಯಿದೆ, ಹುಡುಕಿಕೊಂಡು ಬರುತ್ತಾರೆ. ಕಬ್ಬಿಣ ಮತ್ತು ಫಾಸ್ಫೇಟಿನಿಂದ ಮಾಡಿದ ಅಗ್ಗದ ಜಾತಿಯೊಂದಿದೆ. ಅದು ಬಾಳಿಕೆಯದ್ದು, ಬೆಂಕಿಯ ಭಯವೂ ಕಡಿಮೆ. ಆದರೆ ಸತ್ತ ಮೇಲೆ ಅದರಿಂದ ತೆಗೆಯಲು ಹೆಚ್ಚಿನದೇನೂ ಇಲ್ಲ. ಹಿರೇಕೆರೂರಿನಿಂದ ದೂರದ ಕಾರ್ಖಾನೆಗೆ ಸಾಗಿಸುವ ಲಾರಿ ಬಾಡಿಗೆ ಕೊಡುವವರು ಯಾರು? ಬೆಲೆಯಿದ್ದದ್ದನ್ನು ಒಯ್ಯುತ್ತಾರೆ, ಬೆಲೆಯಿಲ್ಲದ್ದು ನಮ್ಮ ಹಿತ್ತಲಲ್ಲಿ ಉಳಿಯುತ್ತದೆ!

ಇನ್ನೊಂದು ಸೋಜಿಗ ನೋಡಿ. ಬ್ಯಾಟರಿ ಸಮೇತ ಹೊಸ ವಿದ್ಯುತ್ ವಾಹನ ಕೊಂಡರೆ ಜಿಎಸ್‌ಟಿ ಶೇಕಡಾ 5. ಹಳೆ ಗಾಡಿಗೆ ಬ್ಯಾಟರಿ ಮಾತ್ರ ಕೊಂಡರೆ ಶೇಕಡಾ 18. ಹೊಸ ಗಾಡಿ ಕೊಳ್ಳುವ ಉಳ್ಳವನಿಗೆ ರಿಯಾಯಿತಿ, ಹಳೆಯದನ್ನೇ ಓಡಿಸುವ ಬಡವನಿಗೆ ಬರೆ! ಅವನು ಏನು ಮಾಡುತ್ತಾನೆ? ಯಾರೋ ಹಳೆಯ ಸೆಲ್ಲುಗಳನ್ನು ಒಟ್ಟುಗೂಡಿಸಿ ಟೇಪು ಸುತ್ತಿ ಕೊಟ್ಟ ಪೆಟ್ಟಿಗೆಯನ್ನು ಅರ್ಧ ಬೆಲೆಗೆ ತರುತ್ತಾನೆ, ರಾತ್ರಿ ಮಕ್ಕಳು ಮಲಗುವ ಕೋಣೆಯಲ್ಲೇ ಚಾರ್ಜಿಗೆ ಹಾಕುತ್ತಾನೆ. 2022ರಲ್ಲಿ ದೇಶದ ಹಲವೆಡೆ ಸ್ಕೂಟರುಗಳು ಹೊತ್ತಿ ಉರಿದವು, ವೆಲ್ಲೂರಿನಲ್ಲಿ ತಂದೆ ಮಗಳು ಸತ್ತರು. ಅದಾದ ಮೇಲೆ ಕಂಪನಿಗಳ ಬ್ಯಾಟರಿಗೆ ಪರೀಕ್ಷೆಯ ನಿಯಮ ಬಿಗಿಯಾಯಿತು. ಟೇಪು ಸುತ್ತಿದ ಪೆಟ್ಟಿಗೆಗೆ ಯಾವ ಪರೀಕ್ಷೆ?

ಹಾಗೆಂದು ವಿದ್ಯುತ್ ವಾಹನವೇ ಬೇಡ ಎನ್ನುವ ಮೂರ್ಖರಲ್ಲ ನಾವು. ಪೆಟ್ರೋಲಿನ ಬೆಲೆಗೆ ಬೆನ್ನು ಬಾಗಿದ ರೈತನಿಗೆ, ಆಟೋ ಓಡಿಸುವವನಿಗೆ ಅದು ನಿಜವಾದ ಆಸರೆ. ಸ್ಕೂಟರಿಗೆ ಸಾಲದೆ ಬಂದ, ಶೇಕಡಾ 70-80ರಷ್ಟು ಶಕ್ತಿ ಉಳಿದಿರುವ ಲಿಥಿಯಂ ಬ್ಯಾಟರಿ ಸರಿಯಾಗಿ ಪರೀಕ್ಷಿಸಿ ಜೋಡಿಸಿದರೆ ಮನೆಯ ಸೋಲಾರ್ ದೀಪಕ್ಕೆ ಮತ್ತೆ ಕೆಲವು ವರ್ಷ ದುಡಿಯುತ್ತದೆ. ಮಂಡ್ಯ ಜಿಲ್ಲೆಯ ಮರಳಗಾಲದ ನೆಲದಡಿ 1,600 ಟನ್ ಲಿಥಿಯಂ ಇದೆ ಎಂಬ ಅಂದಾಜು ಬಂದಾಗ ಎಲ್ಲರೂ ಕುಣಿದರು. ಬಂಡೆ ಒಡೆದು ತೆಗೆಯಬೇಕಾದ ಲಿಥಿಯಂಗೆ ಅಷ್ಟು ಸಡಗರ, ಹಿತ್ತಲಲ್ಲಿ ಬಿದ್ದಿರುವ ಲಿಥಿಯಂಗೆ ಒಂದು ಡಬ್ಬಿಯೂ ಇಲ್ಲವೇ?

ಕಾನೂನು ಇದೆ, ಕನ್ನಡದಲ್ಲಿಲ್ಲ

ಕಾನೂನು ಇಲ್ಲವೆಂದು ತಿಳಿಯಬೇಡಿ. ಸೀಸದ ಬ್ಯಾಟರಿಯನ್ನು ಮಾರಿದವರೇ ಹಳೆಯದನ್ನು ವಾಪಸು ಪಡೆಯಬೇಕೆಂಬ ನಿಯಮ 2001ರಲ್ಲೇ ಬಂತು. 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಹೊರಡಿಸಿತು. ಎಲ್ಲ ಜಾತಿಯ ಬ್ಯಾಟರಿಯೂ ಅದರೊಳಗೆ ಬಂತು. ತಯಾರಿಸಿದವನೇ ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸಬೇಕು. ನೆಲದಲ್ಲಿ ಹೂಳುವಂತಿಲ್ಲ, ಸುಡುವಂತಿಲ್ಲ. ವಿದ್ಯುತ್ ವಾಹನದ ಬ್ಯಾಟರಿಯಿಂದ 2026-27ರ ಹೊತ್ತಿಗೆ ಶೇಕಡಾ 90ರಷ್ಟು ವಸ್ತು ವಾಪಸು ತೆಗೆಯಬೇಕು. ಬಳಕೆದಾರನಿಗೂ ಕರ್ತವ್ಯವಿದೆ. ಸತ್ತ ಬ್ಯಾಟರಿಯನ್ನು ಬೇರೆ ಕಸದ ಜೊತೆ ಹಾಕದೆ ಸಂಗ್ರಹಿಸುವವರಿಗೇ ಒಪ್ಪಿಸಬೇಕು.

ಎಲ್ಲ ಸರಿ. ಆದರೆ ಭಾರತದ ಗೆಜೆಟ್ ಅಚ್ಚಾಗುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ! ಅಬಲೂರಿನ ರೈತನ ಮೇಲೆ ಕರ್ತವ್ಯ ಹೇರುವ ಕಾನೂನು ಅಬಲೂರಿನ ರೈತನಿಗೆ ತಿಳಿಯದ ಭಾಷೆಯಲ್ಲಿ! ಪೊಟ್ಟಣದ ಸರಕಿನ ಮೇಲಿನ ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕೆಂದು ಕೇಂದ್ರದ 2011ರ ನಿಯಮ ಹೇಳುತ್ತದೆ. ಬೇರೆ ಭಾಷೆ? ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಿ ಎನ್ನುತ್ತದೆ. ಅಂದರೆ ಕನ್ನಡ ಹಕ್ಕಲ್ಲ, ಮರ್ಜಿ.

ರಾಜ್ಯದ ಕಾನೂನಾದರೂ ಕೈ ಹಿಡಿಯುವುದೇ? ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2024ರ ಮಾರ್ಚಿನಲ್ಲಿ ಜಾರಿಗೆ ಬಂತು. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು, ಸೂಚನೆ ಕನ್ನಡದಲ್ಲೂ ಇರಬೇಕೆಂದು ಅದು ಹೇಳುತ್ತದೆ. ರಾಜ್ಯದಲ್ಲಿ ತಯಾರಾಗುವ! ಈ ಒಂದು ಮಾತಿನಲ್ಲೇ ಬಾಗಿಲು ತೆರೆದಿದೆ.

ಕಚೇರಿ ಬೆಂಗಳೂರು, ಕಾರ್ಖಾನೆ ಹೊಸೂರು

ಭಾರತದ ಮೊದಲ ಹೆಸರಾಂತ ವಿದ್ಯುತ್ ಕಾರು ರೇವಾ 2001ರಲ್ಲಿ ರಸ್ತೆಗಿಳಿದದ್ದು ನಮ್ಮ ಬೆಂಗಳೂರಿನಿಂದ. ವಿದ್ಯುತ್ ವಾಹನಕ್ಕೆಂದು ದೇಶದಲ್ಲೇ ಮೊದಲು, 2017ರಲ್ಲಿ, ನೀತಿ ತಂದದ್ದು ನಮ್ಮ ಕರ್ನಾಟಕ. ಆಮೇಲೆ ಏನಾಯಿತು? ಏಥರ್, ಓಲಾ ಎರಡರ ಮುಖ್ಯ ಕಚೇರಿಯೂ ಬೆಂಗಳೂರಿನಲ್ಲಿ. ಏಥರ್ ಕಾರ್ಖಾನೆ ಹೊಸೂರಿನಲ್ಲಿ, ಓಲಾ ಕಾರ್ಖಾನೆ ಕೃಷ್ಣಗಿರಿಯಲ್ಲಿ. ಗಡಿ ದಾಟಿದರೆ ತಮಿಳುನಾಡು. ಟಿವಿಎಸ್ ಮೊದಲಿನಿಂದಲೂ ಹೊಸೂರಿನದೇ. ತಮಿಳುನಾಡು ತನ್ನ ಮಕ್ಕಳಿಗೆ ಕೆಲಸ ತಂದುಕೊಟ್ಟಿತು, ಅದು ಅದರ ಜಾಣತನ. ಧಾರವಾಡದ ಸರೋಜಿನಿ ಮಹಿಷಿಯವರು 1986ರಲ್ಲಿ ಕನ್ನಡಿಗರ ಉದ್ಯೋಗಕ್ಕೆಂದು ಕೊಟ್ಟ ವರದಿಗೆ ನಾವು ಧೂಳು ಹಿಡಿಸಿದೆವು, ಇದು ನಮ್ಮ ಹಣೆಬರಹ.

ಫಲ ಏನೆಂದರೆ, ಸ್ಕೂಟರ್ ತಯಾರಾಗುವುದು ಗಡಿಯಾಚೆ, ಆದ್ದರಿಂದ ನಮ್ಮ ಭಾಷಾ ಕಾನೂನು ಅದಕ್ಕೆ ತಾಗುವುದಿಲ್ಲ. ಮಾರಾಟವಾಗುವುದು ಇಲ್ಲಿ, ಸಾಯುವುದೂ ಇಲ್ಲಿ. ಕೆಲಸವೂ ಇಲ್ಲ, ಕನ್ನಡವೂ ಇಲ್ಲ, ಕಸ ಮಾತ್ರ ನಮ್ಮದು!

2022ರಲ್ಲಿ ಆ ನಿಯಮ ಬಂದಾಗ ರಾಜ್ಯದ ಮುಖ್ಯಮಂತ್ರಿ ಶಿಗ್ಗಾವಿ ಕ್ಷೇತ್ರದವರು, ಕೃಷಿ ಮಂತ್ರಿ ಹಿರೇಕೆರೂರಿನವರು. 2023ರಲ್ಲಿ ಸರ್ಕಾರ ಬದಲಾಯಿತು. ಯಾವ ಪಕ್ಷವಾದರೇನು? ನಿಮ್ಮ ಪೇಟೆಯಲ್ಲಿ "ಹಳೆಯ ಬ್ಯಾಟರಿಯನ್ನು ಇಲ್ಲಿ ಕೊಡಿ" ಎಂಬ ಕನ್ನಡ ಬೋರ್ಡನ್ನು ನೀವು ನೋಡಿದ್ದೀರಾ? ನಾನು ಇನ್ನೂ ನೋಡಿಲ್ಲ.

ನಾವು ಕೇಳುವುದು ಇಷ್ಟೇ

ಒಂದು: ಎಲ್ಲೇ ತಯಾರಾಗಲಿ, ಕರ್ನಾಟಕದಲ್ಲಿ ಮಾರುವ ಪ್ರತಿ ಬ್ಯಾಟರಿಯ ಮೇಲೂ ಅಪಾಯದ ಎಚ್ಚರಿಕೆ ಕನ್ನಡದಲ್ಲಿರಬೇಕು. ರಾಜ್ಯ ತನ್ನ ಕಾನೂನು ತಿದ್ದಲಿ, ಕೇಂದ್ರ 2011ರ ನಿಯಮ ತಿದ್ದಲಿ.

ಎರಡು: ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ಊರಿನ ಎಪಿಎಂಸಿ ಆವರಣದಲ್ಲಿ ಕಂಪನಿಗಳ ಖರ್ಚಿನಲ್ಲೇ ಸಂಗ್ರಹ ಕೇಂದ್ರ ತೆರೆಯಬೇಕು. ಬೆಲೆಯಿಲ್ಲದ ಬ್ಯಾಟರಿಯನ್ನೂ ತೆಗೆದುಕೊಳ್ಳಬೇಕು.

ಮೂರು: ನೋಂದಣಿಯಿಲ್ಲದ ಗಾಡಿ ಮಾರುವ ಪ್ರತಿ ಅಂಗಡಿಯೂ ಎಷ್ಟು ಮಾರಿತು, ಎಷ್ಟು ಹಳೆ ಬ್ಯಾಟರಿ ವಾಪಸು ಪಡೆಯಿತು ಎಂಬ ಲೆಕ್ಕ ಕೊಡಬೇಕು.

ನಾಲ್ಕು: ಬ್ಯಾಟರಿ ಪರೀಕ್ಷೆ, ದುರಸ್ತಿಯ ತರಬೇತಿಯನ್ನು ನಮ್ಮ ಐಟಿಐಗಳಲ್ಲಿ ಕನ್ನಡದಲ್ಲೇ ಕೊಡಬೇಕು. ಕಾರ್ಖಾನೆ ಹೋಯಿತು, ಈ ಕೆಲಸವಾದರೂ ನಮ್ಮ ಹುಡುಗರಿಗೆ ಉಳಿಯಲಿ.

ಐದು: ಬ್ಯಾಟರಿ ಒಡೆಯುವ ಜಾಗಗಳ ಸುತ್ತಲಿನ ಮಕ್ಕಳ ರಕ್ತದಲ್ಲಿ ಸೀಸದ ಪರೀಕ್ಷೆ ಆಗಬೇಕು.

ಓದುಗರೇ, ನಿಮಗೂ ಕೆಲಸವಿದೆ. ಬ್ಯಾಟರಿ ಒಡೆಯಬೇಡಿ, ಆ್ಯಸಿಡ್ ಚೆಲ್ಲಬೇಡಿ, ಉಬ್ಬಿದ ಲಿಥಿಯಂ ಪೆಟ್ಟಿಗೆಯನ್ನು ಮನೆಯೊಳಗೆ ಇಡಬೇಡಿ. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಟ್ಟು ರಸೀದಿ ಕೇಳಿ. ಕನ್ನಡದ ಪುಸ್ತಕ ಕೇಳಿ, ಇಲ್ಲವೆಂದರೆ ಬರೆದು ಕೊಡಿ ಎನ್ನಿ. ಹತ್ತು ರೂಪಾಯಿ ಶುಲ್ಕ ಕಟ್ಟಿ ನಿಮ್ಮ ಪುರಸಭೆಗೆ, ಪಟ್ಟಣ ಪಂಚಾಯಿತಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. "ನಮ್ಮ ಊರಿನ ಸತ್ತ ಬ್ಯಾಟರಿಗಳು ಎಲ್ಲಿಗೆ ಹೋಗುತ್ತಿವೆ?" ಎಂದು ಒಂದೇ ಪ್ರಶ್ನೆ ಕೇಳಿ. ಅರ್ಜಿ ಕನ್ನಡದಲ್ಲೇ ಇರಲಿ, ಕಾನೂನೇ ಅದಕ್ಕೆ ಅವಕಾಶ ಕೊಟ್ಟಿದೆ. ಉತ್ತರವೂ ಕನ್ನಡದಲ್ಲೇ ಬರಲಿ.

ಕನಕದಾಸರು ಹುಟ್ಟಿದ, ಷರೀಫರು ಹಾಡಿದ, ಸರ್ವಜ್ಞ ತಿರುಗಿದ ನೆಲವಿದು. ಇಲ್ಲಿಯ ಜನಕ್ಕೆ ಹೇಳಿದರೆ ತಿಳಿಯುತ್ತದೆ. ಹೇಳುವವರು ನಮ್ಮ ಮಾತಿನಲ್ಲಿ ಹೇಳಬೇಕು, ಅಷ್ಟೇ!