ಬಸುರಿಯರು ಕೇಳಿದ 878 ಪ್ರಶ್ನೆ

ಸಂದರ್ಶನ ಮಾಡುವವರು ಪ್ರಶ್ನೆ ಕೇಳಬೇಕು, ಉತ್ತರ ಕೊಡಬಾರದು. ಎದುರಿಗಿದ್ದವರು ಏನಾದರೂ ಕೇಳಿದರೆ ನಕ್ಕು ಮಾತು ತೇಲಿಸಬೇಕು. ಸಂಶೋಧನೆಯ ಪಠ್ಯಗಳು ಹಿಂದೆ ಹೀಗೆಯೇ ಹೇಳಿಕೊಡುತ್ತಿದ್ದವು. 1970ರ ದಶಕದಲ್ಲಿ ಲಂಡನ್ನಿನ ಚೊಚ್ಚಲ ಬಸುರಿಯರನ್ನು ಹೆರಿಗೆಗೆ ಮೊದಲೂ ಆಮೇಲೂ ಮಾತಾಡಿಸಿದ ಸಮಾಜಶಾಸ್ತ್ರಜ್ಞೆ ಆನ್ ಓಕ್ಲಿ ಅವರಿಂದ ಇದು ಆಗಲಿಲ್ಲ. ಧ್ವನಿಮುದ್ರಣಗಳನ್ನು ಕೇಳಿ ಲೆಕ್ಕ ಹಾಕಿದರೆ, ಆ ಹೆಂಗಸರೇ ಅವರಿಗೆ ಹಾಕಿದ್ದ ಪ್ರಶ್ನೆ 878. ಮಗು ಯಾವ ದಾರಿಯಿಂದ ಹೊರಬರುತ್ತದೆ ಎಂದು ಒಬ್ಬರು. ನೋವು ತಿಳಿಯದಿರಲೆಂದು ಬೆನ್ನಿಗೆ ಕೊಡುವ ಇಂಜೆಕ್ಷನ್ನಿನಿಂದ ಲಕ್ವ ಹೊಡೆಯುವುದುಂಟೇ ಎಂದು ಇನ್ನೊಬ್ಬರು. ಆಸ್ಪತ್ರೆಗೆ ಹೋಗದವರಲ್ಲ ಇವರು, ಗಮನಿಸಿ.

ಓಕ್ಲಿ ಅವರು ಬ್ರಿಟನ್ನಿನ ಕಲ್ಯಾಣ ನೀತಿಯ ಚಿಂತಕ ರಿಚರ್ಡ್ ಟಿಟ್‌ಮಸ್ ಅವರ ಮಗಳು. ಮನೆಗೆಲಸವನ್ನೂ ದುಡಿಮೆಯೆಂದೇ ನೋಡಿದ 1974ರ ಅಧ್ಯಯನದಿಂದ ಹೆಸರಾದವರು. ಅದು ಬಹಳ ಜನಕ್ಕೆ ಗೊತ್ತು. ನನಗೆ ದೊಡ್ಡದೆನಿಸುವುದು ಆಮೇಲಿನ ಕೆಲಸ. ಕೇಳಿಸಿಕೊಳ್ಳುವುದೂ ಆರೈಕೆಯೇ ಎಂದು ಲೇಖನ ಬರೆದು ಸುಮ್ಮನಾಗದೆ, ಅದನ್ನು ಔಷಧಿಯ ಹಾಗೆ ಪರೀಕ್ಷೆಗೊಡ್ಡಿದರು. ಹಿಂದೆ ಕಡಿಮೆ ತೂಕದ ಮಗು ಹೆತ್ತಿದ್ದ 509 ಬಸುರಿಯರು, ಇಂಗ್ಲೆಂಡಿನ ನಾಲ್ಕು ಆಸ್ಪತ್ರೆಗಳು. ಹೆಚ್ಚಿನವರು ದುಡಿದು ತಿನ್ನುವ ಮನೆಯವರು. ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದು ಗುಂಪಿನವರ ಮನೆಗೆ ಮಿಡ್‌ವೈಫ್‌ಗಳನ್ನು ಕಳಿಸಿದರು. ತಪಾಸಣೆ, ಚಿಕಿತ್ಸೆ ಅವರ ಕೆಲಸವಲ್ಲ. ಕೂತು ಕೇಳಬೇಕು, ಕೇಳಿದ್ದಕ್ಕೆ ಹೇಳಬೇಕು, ಹೊತ್ತಲ್ಲದ ಹೊತ್ತಿನಲ್ಲೂ ಫೋನಿಗೆ ಸಿಗಬೇಕು.

ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಎರಡು ಗುಂಪಿನ ಶಿಶುಗಳ ಸರಾಸರಿ ತೂಕದಲ್ಲಿ ವ್ಯತ್ಯಾಸ 38 ಗ್ರಾಂ. ಅಷ್ಟೇ! ಸಂಖ್ಯಾಶಾಸ್ತ್ರ ಇದಕ್ಕೆ ಸೊಪ್ಪು ಹಾಕುವುದಿಲ್ಲ. ಆದರೆ ಮನೆಭೇಟಿ ಸಿಕ್ಕವರು ಬಸುರಿನಲ್ಲಿ ಆಸ್ಪತ್ರೆ ಸೇರಬೇಕಾಗಿ ಬಂದದ್ದು ಕಡಿಮೆ. ಹೆರಿಗೆಯ ನಂತರ ತಾಯಿ, ಮಗು ಇಬ್ಬರ ಆರೋಗ್ಯವೂ ಮೇಲಾಗಿತ್ತು. ಸ್ತ್ರೀವಾದಿ ವಲಯದಲ್ಲಿ ಕೆಲವರಿಗೆ ಈ ಅಂಕಿಸಂಖ್ಯೆಯ ದಾರಿಯೇ ಹಿಡಿಸಲಿಲ್ಲ. ಅವರ ಅನುಮಾನ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಕರುಣೆಯ ಮಾತಿಗೆ ಬಜೆಟ್ಟಿನಲ್ಲಿ ಜಾಗ ಸಿಗುವುದು ಕಷ್ಟ. ಪರೀಕ್ಷೆ ಮಾಡಿ ತೋರಿಸಿದರೆ ವಾದಿಸಲಿಕ್ಕಾದರೂ ನೆಲೆ ಸಿಗುತ್ತದೆ. 38 ಗ್ರಾಮನ್ನು ಉಬ್ಬಿಸದೆ 38 ಎಂದೇ ಬರೆದದ್ದರಿಂದ ಉಳಿದ ಮಾತಿಗೂ ತೂಕ ಬಂತು. ಅದೇ ವರ್ಷ ಓಕ್ಲಿ ಅವರು ಲಂಡನ್ನಿನಲ್ಲಿ ಸಮಾಜವಿಜ್ಞಾನ ಸಂಶೋಧನಾ ಘಟಕವನ್ನು ಕಟ್ಟಿದರು.

ನಮ್ಮಲ್ಲಿ ಬಸುರಿಯ ಮನೆ ಬಾಗಿಲಿಗೆ ಹೋಗುವವರು ಆಶಾ ಕಾರ್ಯಕರ್ತೆಯರು. ಅವರ ಪ್ರೋತ್ಸಾಹಧನದ ಒಂದು ಪಾಲಿನ ಲೆಕ್ಕ ಕೆಲಸಕ್ಕಿಷ್ಟು ಎಂದು. ಅತ್ತೆ ನಡುಮನೆಯಲ್ಲಿ ಕೂತಿರುವಾಗ ಬಾಯಿ ಬಿಡದ ಸೊಸೆಯನ್ನು ಹಿತ್ತಿಲಿಗೆ ಕರೆದೊಯ್ದು ಅರ್ಧ ಗಂಟೆ ಮಾತಾಡಿಸಿದರೆ ಅದನ್ನು ಯಾವ ಬಾಬ್ತಿನಲ್ಲಿ ಬರೆಯುವುದು?

ಈ ಪತ್ರಿಕೆ ಓದುವ ಆಶಾ ಕಾರ್ಯಕರ್ತೆಯರಲ್ಲಿ, ನರ್ಸಮ್ಮಂದಿರಲ್ಲಿ ಒಂದು ಕೋರಿಕೆ. ಬಸುರಿ, ಬಾಣಂತಿಯರು ನಿಮ್ಮನ್ನು ಕೇಳಿದ ಪ್ರಶ್ನೆಗಳನ್ನು, ಅವರ ಹೆಸರು, ಊರು ಬಿಟ್ಟು, ನಮಗೆ ಬರೆದು ಕಳಿಸಿ. ಎಷ್ಟು ಸಣ್ಣದಾದರೂ ಸರಿ. ವೈದ್ಯರಿಂದ ಉತ್ತರ ಬರೆಸಿ ಮುಂದಿನ ಸಂಚಿಕೆಗಳಲ್ಲಿ ಅಚ್ಚು ಹಾಕುತ್ತೇವೆ.