ಉಸಿರು ಕಳೆದುಕೊಂಡವನೇ ಪುರಾವೆಯನ್ನೂ ತರಬೇಕೇ?

ಕಲ್ನಾರಿನ ಧೂಳು ಒಂದೇ ದಿನದಲ್ಲಿ ಕೊಲ್ಲುವುದಿಲ್ಲ. ಶ್ವಾಸಕೋಶ ಸೇರಿದ ಅದರ ಎಳೆಗಳು ರೋಗವಾಗಿ ಪ್ರಕಟಗೊಳ್ಳಲು ಇಪ್ಪತ್ತು, ಕೆಲವೊಮ್ಮೆ ನಲ್ವತ್ತು ವರ್ಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಕಾರ್ಮಿಕ ನಿವೃತ್ತನಾಗಿರುತ್ತಾನೆ. ಗುತ್ತಿಗೆಯಲ್ಲಿ ದುಡಿದವನಾದರೆ ದಾಖಲೆಯೇ ಇರುವುದಿಲ್ಲ. ಪರಿಹಾರ ಕೇಳಿದರೆ, ಪುರಾವೆ ಎಲ್ಲಿ ಎಂಬ ಪ್ರಶ್ನೆ ಎದುರಾಗುತ್ತದೆ.

1995ರಲ್ಲಿ ಸುಪ್ರೀಮ್ ಕೋರ್ಟ್ ಈ ಹೊಣೆಯನ್ನು ಮಾಲಕರತ್ತ ತಿರುಗಿಸಿತು. ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಬಳಿಕ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕಾಪಾಡಬೇಕೆಂದಿತು. ಗುಜರಾತಿನ ಕಾರ್ಮಿಕರನ್ನು ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯಲ್ಲಿ ಮರುಪರೀಕ್ಷಿಸಿ, ರೋಗ ದೃಢಪಟ್ಟವರಿಗೆ ತಲಾ 1 ಲಕ್ಷ ರೂ. ನೀಡಲು ಆದೇಶಿಸಿತು.

ಆದರೆ ವೈದ್ಯರು 'ಏನು ಕೆಲಸ ಮಾಡುತ್ತಿದ್ದಿರಿ?' ಎಂದು ಕೇಳದಿದ್ದರೆ ಉಬ್ಬಸವು ಕ್ಷಯವೆಂದೋ ಧೂಮಪಾನದ ಫಲವೆಂದೋ ದಾಖಲಾಗುತ್ತದೆ. ಹಕ್ಕು ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ವೃತ್ತಿಯ ವಿವರವನ್ನು ಚೀಟಿಯಲ್ಲಿ ಬರೆಸಬೇಕು. ಎಕ್ಸ್-ರೇ, ಸಿ.ಟಿ. ಸ್ಕ್ಯಾನ್, ಶ್ವಾಸಕೋಶದ ಸಾಮರ್ಥ್ಯ ಪರೀಕ್ಷೆಯ ವರದಿಗಳನ್ನು ವೇತನದ ಚೀಟಿಯೊಂದಿಗೆ ಜೋಪಾನವಾಗಿಡಬೇಕು. ಓದುಬರಹ ಬಾರದವರಿಗೆ ಮೊಹಲ್ಲಾದ ವಿದ್ಯಾವಂತ ಯುವಕರು ನೆರವಾಗಬೇಕು.

ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಕಲಿಸಿದ ಪ್ರವಾದಿ(ಸ)ರ ಅನುಯಾಯಿಗಳು, ಕೂಲಿಕಾರನ ಉಸಿರೇ ಆರುತ್ತಿರುವಾಗ ಮೌನವಾಗಿರುವುದು ಹೇಗೆ?