ಮುಗಿಲಾಚೆಯ ಧೂಳಿನ ಲೆಕ್ಕ

ಶಿವಾರಪಟ್ಟಣದ ಶಿಲ್ಪಿಗಳ ಉಳಿಯಿಂದೇಳುವ ಕಲ್ಲಿನ ಧೂಳು ಬಹುಪಾಲು ಅಂಗಳದಲ್ಲಿಯೇ ಕೂರುತ್ತದೆ. ಉಳಿದುದನ್ನು ಮಳೆ ತೊಳೆಯುತ್ತದೆ. ನೆಲದಿಂದ ಸುಮಾರು 17 ಕಿಲೋಮೀಟರಿನಾಚೆ, ಸಮೋಷ್ಣ ಮಂಡಲದಲ್ಲಿ, ತೊಳೆಯಲು ಮಳೆಯೇ ಇಲ್ಲ. ಅಲ್ಲಿಗೇರಿದ ಏರೋಸಾಲ್ ಎಂಬ ಸೂಕ್ಷ್ಮ ಕಣಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮಿಗಿಲಾಗಿ ತೇಲುತ್ತ ಬಿಸಿಲನ್ನು ಹಿಂದಕ್ಕೆ ಚೆದುರಿಸುತ್ತವೆ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದ ಬಳಿಕ ಭೂಮಿಯ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಇಳಿದುದು ಇಂಥ ಕಣಗಳಿಂದಲೇ.

ಜ್ವಾಲಾಮುಖಿಯ ಸದ್ದು ಎಲ್ಲರಿಗೂ ಕೇಳಿಸುತ್ತದೆ. ಋತುಋತುವಿಗೆ ಮೌನವಾಗಿ ಏರಿಳಿಯುವ ಕಣಗಳ ಲೆಕ್ಕ ಕೇಳುವವರು ವಿರಳ. ಶಿವಾರಪಟ್ಟಣದಂತೆಯೇ 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವ, ತಿರುಪತಿಯ ಬಳಿಯ ಗಾದಂಕಿಯಲ್ಲಿ ಆ ಲೆಕ್ಕ ನಡೆದಿದೆ. ಅಲ್ಲಿನ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯದಲ್ಲಿ 1998ರಲ್ಲಿ ಜಪಾನಿನ ಸಹಕಾರದಿಂದ ಲೈಡಾರ್ ಸ್ಥಾಪಿತವಾಯಿತು. ಹಸಿರು ಲೇಸರ್ ಬೆಳಕನ್ನು ಮಿಡಿತಮಿಡಿತವಾಗಿ ರಾತ್ರಿಯ ಆಗಸಕ್ಕೆ ಕಳುಹಿಸಿ, ಕಣಗಳಿಗೆ ತಾಗಿ ಮರಳುವುದನ್ನು ದೂರದರ್ಶಕದಿಂದ ಹಿಡಿಯುವುದೇ ಅದರ ಕಾರ್ಯ. ಮರಳಲು ಹಿಡಿದ ಕಾಲವು ಎತ್ತರವನ್ನೂ, ಮರಳಿದ ಬೆಳಕಿನ ಪ್ರಮಾಣವು ಕಣಗಳ ದಟ್ಟಣೆಯನ್ನೂ ತಿಳಿಸುತ್ತವೆ.

ತೊಡಕಿರುವುದು ಮುಂಗಾರಿನಲ್ಲಿ. ದಟ್ಟ ಮೋಡವನ್ನು ಲೇಸರ್ ಭೇದಿಸಲಾರದು. ಅಗತ್ಯವಾಗಿ ಅಳೆಯಬೇಕಾದ ಋತುವೂ ಅದೇ! ಮುಂಗಾರಿನ ಮೇಲ್ಮುಖ ಗಾಳಿಯು ನೆಲದ ಹೊಗೆ ಅನಿಲಗಳನ್ನು ಎತ್ತಿಕೊಂಡು, ಏಷ್ಯಾದ ಮೇಲೆ 13ರಿಂದ 18 ಕಿಲೋಮೀಟರ್ ಎತ್ತರದಲ್ಲಿ ಕಣಗಳ ಪದರವನ್ನು ಕಟ್ಟುತ್ತದೆಂಬುದು ಕ್ಯಾಲಿಪ್ಸೊ ಉಪಗ್ರಹದ ಅಳತೆಗಳಿಂದ 2011ರಲ್ಲಿ ಬೆಳಕಿಗೆ ಬಂದಿತು. 2014ರಿಂದ ಇಸ್ರೋ ಮತ್ತು ನಾಸಾ ಜೊತೆಗೂಡಿ ಗಾದಂಕಿ, ಹೈದರಾಬಾದುಗಳಿಂದಲೂ ಬಲೂನುಗಳನ್ನು ಹಾರಿಸಿದವು. ಕಣಗಳಲ್ಲಿ ನೈಟ್ರೇಟ್ ಕಂಡುಬಂದಿತು. ನೆಲದಿಂದೆದ್ದ ಅಮೋನಿಯವೂ ಅಷ್ಟೆತ್ತರಕ್ಕೆ ಏರಿ ಕಣವಾಗುತ್ತದೆಂದು 2019ರ ಅಧ್ಯಯನವೊಂದು ತೋರಿಸಿತು. ಅಮೋನಿಯದ ದೊಡ್ಡ ಮೂಲಗಳು ರಸಗೊಬ್ಬರ ಮತ್ತು ದನಕರುಗಳೆಂಬುದು ರೈತರ ನಾಡಿಗೆ ಸಣ್ಣ ಸಂಗತಿಯಲ್ಲ.

ಇಷ್ಟು ತಿಳಿದ ಮಾತ್ರಕ್ಕೆ ಸಾಲದು. ಕ್ಯಾಲಿಪ್ಸೊ 17 ವರ್ಷ ದುಡಿದು 2023ರಲ್ಲಿ ನಿವೃತ್ತವಾಯಿತು. ಇತ್ತ, ಭೂಮಿಯ ತಾಪ ತಗ್ಗಿಸಲು ಬೇಕೆಂದೇ ಸಮೋಷ್ಣ ಮಂಡಲದಲ್ಲಿ ಗಂಧಕದ ಕಣಗಳನ್ನು ಚೆಲ್ಲಬೇಕೆಂಬ ಸಲಹೆಗಳು ಹೊರದೇಶಗಳಲ್ಲಿ ಕೇಳಿಬರುತ್ತಿವೆ. ಸಹಜವಾದ ಏರಿಳಿತದ ದೀರ್ಘ ದಾಖಲೆ ಕೈಯಲ್ಲಿಲ್ಲದಿದ್ದರೆ, ನಾಳೆ ಮಳೆ ತಪ್ಪಿದಾಗ ಅದು ಪ್ರಕೃತಿಯ ಆಟವೋ ಮನುಷ್ಯನ ಕೈವಾಡವೋ ಎಂದು ಹೇಳುವವರಾರು? ವರ್ಷವಿಡೀ ಹರಿಯುವ ನದಿಯಿಲ್ಲದೆ ಕೆರೆಗಳನ್ನೇ ನಂಬಿ ಬಾಳಿದ ಕೋಲಾರ ಸೀಮೆಗೆ ಈ ಪ್ರಶ್ನೆ ಪರದೇಶದ್ದಲ್ಲ. ಆದುದರಿಂದ ಮುಂಗಾರಿನ ಕೆಳಗೆ ಬದುಕುವ ನಾಡುಗಳೇ ಈ ಅಳತೆಯನ್ನು ವರ್ಷ ತಪ್ಪದೆ ನಡೆಸಬೇಕು. ಮೋಡ ಕವಿದ ತಿಂಗಳುಗಳಲ್ಲಿ ಬಲೂನುಗಳ ವೆಚ್ಚವನ್ನು ದುಂದೆಂದು ಕಡಿಯಬಾರದು. ವಿಜ್ಞಾನದ ಉಪಾಧ್ಯಾಯರು ಮಕ್ಕಳನ್ನು ತಿರುಪತಿಗೆ ಪ್ರವಾಸ ಕರೆದೊಯ್ಯುವಾಗ, ಅನುಮತಿ ಪಡೆದು ಗಾದಂಕಿಗೂ ಒಂದು ಹೊತ್ತು ಮೀಸಲಿಡುವುದು ಯುಕ್ತ.